ಇಂಜೆಕ್ಷನ್‌ಗೆ ಬಗ್ಗದ ಕೆಚ್ಚಲು ಬಾವು: ಮೊದಲು ಕರುಗಳ ಬಕೆಟ್ ನೋಡಿ

ಪ್ರಶ್ನೆ: ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಮ್ಮದು 18 ಎಚ್‌ಎಫ್ ಮಿಶ್ರತಳಿ ಹಸುಗಳ ಶೆಡ್ಡು. ದೀಪಾವಳಿಗೆ ಮುಂಚೆ ಸಂತೆಯಿಂದ ಎರಡು ಹಸು ತಂದೆವು. ಅದಾದ ಮೇಲೆ ನಾಲ್ಕು ಹಸುಗಳಿಗೆ ಕೆಚ್ಚಲು ಬಾವು ಬಂತು. ಟ್ಯೂಬು, ಇಂಜೆಕ್ಷನ್ ಎರಡೂ ಹಾಕಿಸಿದೆವು. ಒಂದು ವಾರ ಸರಿ ಇದ್ದು ಮತ್ತೆ ಮರುಕಳಿಸುತ್ತದೆ. ಎರಡು ಹಸುಗಳ ಹಾಲನ್ನು ಹೆಬ್ಬಾಳದಲ್ಲಿ ಪರೀಕ್ಷೆ ಮಾಡಿಸಿದೆವು. ಒಂದರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್, ಪೆನ್ಸಿಲಿನ್‌ಗೆ ‘ಆರ್’ (ಮದ್ದಿಗೆ ಬಗ್ಗದು). ಇನ್ನೊಂದರಲ್ಲಿ ಇ. ಕೋಲಿ, ಆಂಪಿಸಿಲಿನ್, ಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಸಿನ್, ಸೆಫ್ಟ್ರಿಯಾಕ್ಸೋನ್ ಎಲ್ಲಕ್ಕೂ ‘ಆರ್’, ಜೆಂಟಾಮೈಸಿನ್‌ಗೆ ಮಾತ್ರ ‘ಎಸ್’ (ಮದ್ದಿಗೆ ಬಗ್ಗುತ್ತದೆ). ಮದ್ದು ಕೊಟ್ಟ ಹಸುಗಳ ಹಾಲನ್ನು ಡೇರಿಗೆ ಹಾಕುವುದಿಲ್ಲ, ಕರುಗಳಿಗೆ ಕುಡಿಸುತ್ತೇವೆ. ಈಗ ಕರುಗಳಿಗೂ ಭೇದಿ, ಅದಕ್ಕೂ ಮದ್ದು ನಾಟುತ್ತಿಲ್ಲ. ಇದು ಹಸುವಿನಿಂದ ಹಸುವಿಗೆ ಹರಡುತ್ತದೆಯೇ? ಸಂತೆಯ ಹಸುಗಳನ್ನು ಮಾರಿಬಿಡಬೇಕೇ? ಮನೆಯವರು ಹಾಲು ಕುಡಿಯಬಹುದೇ?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ. ಮದ್ದು ಬೆರೆತ ಹಾಲನ್ನು ಡೇರಿಗೆ ಹಾಕದೆ ಎತ್ತಿಡುತ್ತೀರಿ, ಅದು ಸರಿ. ಆದರೆ ಅದೇ ಹಾಲು ಕರುಗಳ ಬಕೆಟ್‌ಗೆ ಹೋಗುತ್ತಿದೆ. ಸಂತೆಯ ಹಸುಗಳ ಮೇಲೆ ಅನುಮಾನ ಪಡುವುದಕ್ಕೂ ಮೊದಲು ಆ ಬಕೆಟ್ಟನ್ನು ನಿಲ್ಲಿಸಿ, ಇವತ್ತು ಸಂಜೆಯಿಂದಲೇ. ಕಾರಣ ಮುಂದೆ ಹೇಳುತ್ತೇವೆ.

ರಿಪೋರ್ಟಿನಲ್ಲಿರುವುದು ಎರಡು ಬೇರೆ ಬೇರೆ ರೋಗಾಣುಗಳು, ಎರಡೂ ಹರಡುವ ದಾರಿ ಬೇರೆ. ಸ್ಟ್ಯಾಫ್ ಆರಿಯಸ್ ಕೆಚ್ಚಲಿನಲ್ಲೇ ಮನೆ ಮಾಡುವಂಥದ್ದು. ಹಾಲು ಕರೆಯುವ ಹೊತ್ತಿನಲ್ಲಿ ಕೈ, ಒರೆಸುವ ಬಟ್ಟೆ, ಯಂತ್ರದ ರಬ್ಬರ್ ಲೈನರ್ ಇವುಗಳ ಮೂಲಕ ಒಂದು ಮೊಲೆಯಿಂದ ಇನ್ನೊಂದಕ್ಕೆ, ಒಂದು ಹಸುವಿನಿಂದ ಪಕ್ಕದ ಹಸುವಿಗೆ ದಾಟುತ್ತದೆ. ಸಂತೆಯಿಂದ ಏನಾದರೂ ಬಂದಿದ್ದರೆ ಇದೇ ಬಂದಿರುವ ಸಾಧ್ಯತೆ ಹೆಚ್ಚು. ಇ. ಕೋಲಿಯ ಮನೆ ಕರುಳು. ಸಗಣಿಯಲ್ಲಿ ಹೊರಬಿದ್ದು, ಒದ್ದೆ ನೆಲದ ಮೇಲೆ ಮಲಗಿದ ಹಸುವಿನ ಮೊಲೆತೊಟ್ಟಿನ ತುದಿಯಿಂದ ಒಳಗೆ ಹೋಗುತ್ತದೆ. ಅದಕ್ಕೆ ಸಂತೆಯ ಹಸು ಬೇಕಾಗಿಲ್ಲ, ನಿಮ್ಮ ಶೆಡ್ಡಿನ ನೆಲವೇ ಸಾಕು. ಹಾಗಾಗಿ ಎರಡಕ್ಕೂ ಒಂದೇ ಇಂಜೆಕ್ಷನ್ ಹುಡುಕಿದರೆ ಸಿಗುವುದಿಲ್ಲ.

ಈಗ ‘ಆರ್’ ವಿಷಯ. ಮದ್ದಿಗೆ ಜಗ್ಗದಿರುವುದು ಹಸುವಿನ ಗುಣವಲ್ಲ, ಅದರ ಮೈಯಲ್ಲಿರುವ ರೋಗಾಣುವಿನ ಗುಣ. ನಿಮ್ಮ ಹಸುವಿಗೆ ‘ಇಂಜೆಕ್ಷನ್ ಅಭ್ಯಾಸ ಆಗಿಬಿಟ್ಟಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇ. ಕೋಲಿಯೊಳಗೆ ಮುಖ್ಯ ವರ್ಣತಂತುವಿನ ಹೊರಗೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರ ಇರುತ್ತದೆ. ಆಂಪಿಸಿಲಿನ್ ಮತ್ತು ಸೆಫ್ಟ್ರಿಯಾಕ್ಸೋನ್‌ಗಳನ್ನು ಕತ್ತರಿಸುವ ಕಿಣ್ವದ ಜೀನ್, ಟೆಟ್ರಾಸೈಕ್ಲಿನ್ ಅನ್ನು ಹೊರಗೆ ಪಂಪ್ ಮಾಡುವ ಜೀನ್, ಎಲ್ಲವೂ ಒಂದೇ ಉಂಗುರದ ಮೇಲೆ ಸಾಲಾಗಿ ಕೂತಿರಬಹುದು. ಎರಡು ಬ್ಯಾಕ್ಟೀರಿಯಾ ಅಕ್ಕಪಕ್ಕ ಬಂದಾಗ ನಡುವೆ ಒಂದು ಸಣ್ಣ ಕೊಳವೆ ಬೆಳೆದು ಈ ಉಂಗುರದ ಪ್ರತಿ ಆ ಕಡೆಗೆ ದಾಟುತ್ತದೆ. ರೋಗ ತರದ ಸಾಧು ಇ. ಕೋಲಿಯಿಂದ ರೋಗ ತರುವ ಇ. ಕೋಲಿಗೆ, ಅಲ್ಲಿಂದ ಕ್ಲೆಬ್ಸಿಯೆಲ್ಲಾ ಎಂಬ ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ಹೋಗಬಹುದು. ಅನುಕೂಲ ಇದ್ದರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಮಿಕ್ಕದ್ದು ಲೆಕ್ಕ ನೀವೇ ಹಾಕಬಹುದು.

ಇದರಿಂದ ಹುಟ್ಟುವ ಒಂದು ಸಂಗತಿ ರೈತರಿಗೆ ಗೊತ್ತಿರುವುದು ಕಡಿಮೆ. ಎಲ್ಲಾ ಜೀನ್‌ಗಳೂ ಒಂದೇ ಉಂಗುರದ ಮೇಲಿದ್ದರೆ, ನೀವು ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿ ಆಕ್ಸಿಟೆಟ್ರಾಸೈಕ್ಲಿನ್ ಕೊಡುತ್ತಾ ಹೋದರೂ ಸೆಫ್ಟ್ರಿಯಾಕ್ಸೋನ್‌ಗೆ ಜಗ್ಗದ ರೋಗಾಣುವೇ ಉಳಿದುಕೊಳ್ಳುತ್ತದೆ. ಟೆಟ್ರಾಸೈಕ್ಲಿನ್‌ಗೆ ಸಾಯುವವು ಸತ್ತವು, ಉಂಗುರ ಇದ್ದವು ಉಳಿದವು, ಉಂಗುರದ ಜೊತೆ ಸೆಫ್ಟ್ರಿಯಾಕ್ಸೋನ್ ಜೀನೂ ಉಳಿಯಿತು. ‘ದುಬಾರಿ ಮದ್ದು ಬಿಟ್ಟು ಹಳೇ ಮದ್ದಿಗೆ ಬಂದೆವು, ಆದರೂ ಸರಿಹೋಗಲಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಮದ್ದು ಬದಲಾಯಿಸಿದರೆ ಸಾಲದು, ಶೆಡ್ಡಿನಲ್ಲಿ ಬಳಸುವ ಒಟ್ಟು ಆಂಟಿಬಯಾಟಿಕ್ ಕಡಿಮೆಯಾಗಬೇಕು.

ಕರುಗಳ ಬಕೆಟ್ ಮುಖ್ಯವಾಗುವುದು ಇಲ್ಲಿ. ಹುಟ್ಟಿದ ಕರುವಿನ ಕರುಳು ಖಾಲಿ ಹೊಲ ಇದ್ದ ಹಾಗೆ, ಮೊದಲು ಬಿದ್ದ ಬೀಜ ಹಬ್ಬಿಕೊಳ್ಳುತ್ತದೆ. ಟ್ಯೂಬು ಹಾಕಿದ ಹಸುವಿನ ಹಾಲಿನಲ್ಲಿ ರೋಗಾಣುವೂ ಇದೆ, ಅದನ್ನು ಪೂರ್ತಿ ಕೊಲ್ಲಲಾರದಷ್ಟು ಮದ್ದೂ ಇದೆ. ಮದ್ದಿಗೆ ಸಾಯದ ಬ್ಯಾಕ್ಟೀರಿಯಾ ಆರಿಸಿ ಬೆಳೆಸಲು ಪ್ರಯೋಗಾಲಯದಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಆ ಕರು ಸಗಣಿ ಹಾಕುತ್ತದೆ, ಪಕ್ಕದ ಕರು ನೆಕ್ಕುತ್ತದೆ, ಅದೇ ಬಕೆಟ್‌ನಲ್ಲಿ ಇನ್ನೊಂದು ಕುಡಿಯುತ್ತದೆ, ಕರು ನೋಡಿಕೊಳ್ಳುವವರು ಅದೇ ಕೈಯಲ್ಲಿ ಹಾಲು ಕರೆಯಲು ಕೂರುತ್ತಾರೆ. ದೊಡ್ಡ ಹಸುಗಳಿಗಿಂತ ಎಳೆಗರುಗಳ ಸಗಣಿಯಲ್ಲಿ ಮದ್ದಿಗೆ ಜಗ್ಗದ ಇ. ಕೋಲಿ ಹೆಚ್ಚು ಸಿಗುವುದು ಹಲವು ದೇಶಗಳಲ್ಲಿ ಕಂಡಿರುವ ಸಂಗತಿ. ಕರು ಬೆಳೆದಂತೆ ಅದು ತಾನಾಗಿ ಇಳಿಯುತ್ತದೆ, ದಿನಾ ಹೊಸದಾಗಿ ಕುಡಿಸದಿದ್ದರೆ.

‘ಕಾಯಿಸಿ ಕುಡಿಸಿದರೆ?’ ಎಂದು ಕೇಳಬಹುದು. 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಮದ್ದು ಸಾಯುವುದಿಲ್ಲ. ಬಹುತೇಕ ಆಂಟಿಬಯಾಟಿಕ್‌ಗಳು ಆ ಕಾವಿಗೆ ಜಗ್ಗುವುದಿಲ್ಲ. ಹಾಗಾಗಿ ಮದ್ದಿನ ಹಾಲು ಸಗಣಿ, ಒಣ ಎಲೆ, ಕಸ ಹಾಕಿದ ಗುಂಡಿಗೆ ಹೋಗಲಿ. ಬಾವಿ, ಬೋರ್‌ವೆಲ್, ಚರಂಡಿಯಿಂದ ಗುಂಡಿ ದೂರವಿರಲಿ. ಗೋಬರ್ ಗ್ಯಾಸ್ ತೊಟ್ಟಿಗೆ ಒಂದೇ ಸಲ ಜಾಸ್ತಿ ಸುರಿಯಬೇಡಿ, ಅನಿಲ ಮಾಡುವ ಬ್ಯಾಕ್ಟೀರಿಯಾಗಳಿಗೂ ಅದೇ ಮದ್ದು ಏಟು ಕೊಡುತ್ತದೆ. ನಾಯಿಗೂ ಹಾಕಬೇಡಿ.

ಎಷ್ಟು ದಿನ ಸುರಿಯಬೇಕು? ಟ್ಯೂಬು ಅಥವಾ ಬಾಟಲಿಯ ಲೇಬಲ್ ಮೇಲೆ ಬರೆದಿರುವಷ್ಟು ದಿನ. ಬರೆದಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂದು 2012ರಲ್ಲಿ ಕೇಂದ್ರದ ಔಷಧ ನಿಯಮಕ್ಕೆ ಸೇರಿಸಿದ್ದಾರೆ. ದಿನ ಎಣಿಸುವುದು ಕೊನೆಯ ಡೋಸಿನಿಂದ, ಮೊದಲ ಡೋಸಿನಿಂದಲ್ಲ. ಒಂದೇ ಮೊಲೆಗೆ ಟ್ಯೂಬು ಹಾಕಿದ್ದರೂ ನಾಲ್ಕೂ ಮೊಲೆಯ ಹಾಲು ಸುರಿಯಬೇಕು, ಮದ್ದು ರಕ್ತದ ಮೂಲಕ ಮಿಕ್ಕ ಮೊಲೆಗಳಿಗೂ ಅಲ್ಪಸ್ವಲ್ಪ ಹೋಗುತ್ತದೆ. ಹಾಲಿನಲ್ಲಿ ಪೆನ್ಸಿಲಿನ್‌ಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಲೀಟರಿಗೆ ಸುಮಾರು 4 ಮೈಕ್ರೋಗ್ರಾಂ. ಅಂದರೆ 1 ಮಿಲಿಗ್ರಾಂ ಪೆನ್ಸಿಲಿನ್ 250 ಲೀಟರ್ ಹಾಲನ್ನು ಆ ಗೆರೆಗೆ ಮುಟ್ಟಿಸುತ್ತದೆ. ‘ಒಂದು ಹಸುವಿನದು ತಾನೇ, ಬಿಎಂಸಿಯಲ್ಲಿ (ಡೇರಿಯ ಹಾಲು ತಂಪಿಡುವ ದೊಡ್ಡ ತೊಟ್ಟಿ) ಬೆರೆತು ಹೋಗುತ್ತದೆ’ ಎನ್ನುವವರಿಗೆ ಈ ಲೆಕ್ಕ ತೋರಿಸಿ. ಹೆಪ್ಪು ಹಾಕಿದ ಹಾಲು ಮೊಸರಾಗದೆ ಹಾಗೇ ಉಳಿದರೆ ಮದ್ದಿನ ಅನುಮಾನ ಪಡಬಹುದು, ಏಕೆಂದರೆ ಹೆಪ್ಪೂ ಬ್ಯಾಕ್ಟೀರಿಯಾವೇ. ಆದರೆ ಮೊಸರಾಯಿತು ಅಂದ ಮಾತ್ರಕ್ಕೆ ಹಾಲು ಶುದ್ಧ ಎಂದು ತೀರ್ಮಾನ ಮಾಡಬೇಡಿ.

ಮದ್ದು ಕೊಟ್ಟ ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿ. ಬೆಳಿಗ್ಗೆ ಕರೆಯುವವರು ಒಬ್ಬರು, ಸಂಜೆ ಇನ್ನೊಬ್ಬರು ಇರುವ ಶೆಡ್ಡಿನಲ್ಲಿ ಬಾಯಿಮಾತು ನಿಲ್ಲುವುದಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಕಿವಿಯೋಲೆಯ 12 ಅಂಕಿಯಲ್ಲಿ ಕೊನೆಯ ನಾಲ್ಕು, ಮದ್ದಿನ ಹೆಸರು, ಎಷ್ಟು ಮಿ.ಲೀ., ಎಷ್ಟು ದಿನ, ಯಾವ ಮೊಲೆ, ಹಾಲು ಮತ್ತೆ ಡೇರಿಗೆ ಹಾಕುವ ತಾರೀಖು ಇಷ್ಟು ಬರೆದರೆ ಸಾಕು.

ಇನ್ನು ‘ಮದ್ದು ನಾಟಲಿಲ್ಲ’ ಎಂಬ ಮಾತಿಗೆ ಬರೋಣ. ಮದ್ದು ಕೆಲಸ ಮಾಡದಿರುವುದೆಲ್ಲ ರೋಗಾಣುವಿನ ಪ್ರತಿರೋಧ ಅಲ್ಲ. ನಿಮ್ಮ ಸ್ಟ್ಯಾಫ್ ಹಸುವನ್ನೇ ತೆಗೆದುಕೊಳ್ಳಿ. ಈ ರೋಗಾಣು ಕೆಚ್ಚಲಿನ ಜೀವಕೋಶಗಳ ಒಳಗೇ ನುಗ್ಗಿ ಕೂರುತ್ತದೆ, ಸುತ್ತ ಗಂಟು ಕಟ್ಟಿಸಿಕೊಳ್ಳುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ‘ಎಸ್’ ಎಂದು ಬಂದ ಮದ್ದೂ ಆ ಗಂಟಿನೊಳಗೆ ಸಾಕಷ್ಟು ತಲುಪುವುದಿಲ್ಲ. ಕೆಚ್ಚಲು ಅಮುಕಿದಾಗ ಒಳಗೆ ಗಟ್ಟಿ ಗಂಟು ಸಿಕ್ಕಿದರೆ, ಹಸು ನಾಲ್ಕೈದು ಕರು ಹಾಕಿದ್ದಾದರೆ, ಇದೇ ಸೂಲಿನಲ್ಲಿ ಎರಡು ಮೂರು ಸಲ ಚಿಕಿತ್ಸೆ ಆಗಿದ್ದರೆ, ನಾಲ್ಕನೇ ಸಲ ಟ್ಯೂಬು ಹಾಕುವುದು ಹಣ ಸುರಿಯುವ ಕೆಲಸ ಅಷ್ಟೇ.

ಡೋಸಿನ ತಪ್ಪು ಇನ್ನೊಂದು. ಹಸುವಿನ ತೂಕವನ್ನು ಕಣ್ಣಳತೆಯಲ್ಲಿ ಹೇಳುವವರು ಸಾಮಾನ್ಯವಾಗಿ ಕಡಿಮೆ ಹೇಳುತ್ತಾರೆ. ಟೈಲರ್ ಟೇಪು ತೆಗೆದುಕೊಳ್ಳಿ. ಮುಂಗಾಲ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ, ಹೆಗಲ ಮುಂಭಾಗದ ಮೂಳೆಯಿಂದ ಪೃಷ್ಠದ ಮೂಳೆಯವರೆಗೆ ಉದ್ದ ಇಂಚಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 72, ಉದ್ದ 62 ಇದ್ದರೆ ತೂಕ ಸುಮಾರು 487 ಕೆ.ಜಿ. ಕೆ.ಜಿ.ಗೆ 5 ಮಿಲಿಗ್ರಾಂ ಲೆಕ್ಕದ ಮದ್ದಾದರೆ 2,435 ಮಿಲಿಗ್ರಾಂ ಬೇಕು. ‘ಮುನ್ನೂರು ಕೆ.ಜಿ. ಇರಬಹುದು’ ಎಂದು 1,500 ಕೊಟ್ಟರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊರತೆ ಬಿತ್ತು. ಅದರ ಜೊತೆಗೆ ಎರಡನೇ ದಿನಕ್ಕೇ ಹಾಲು ಬೆಳ್ಳಗೆ ಬಂತೆಂದು ಕೋರ್ಸು ನಿಲ್ಲಿಸಿದರೆ, ಒಂದು ವಾರ ಬಿಟ್ಟು ಮರುಕಳಿಸುವುದರಲ್ಲಿ ಆಶ್ಚರ್ಯವೇನಿಲ್ಲ.

ಟ್ಯೂಬು ಹಾಕುವ ಕೈಗೂ ಇದರಲ್ಲಿ ಪಾಲಿದೆ. ಮೊಲೆಯನ್ನು ಪೂರ್ತಿ ಬರಿದು ಮಾಡದೆ ಹಾಕಿದರೆ ಗಟ್ಟಿ ಹಾಲು, ಕೀವಿನಲ್ಲಿ ಮದ್ದು ಸಿಕ್ಕಿಕೊಳ್ಳುತ್ತದೆ. ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜದೆ ತೂರಿಸಿದರೆ ಹೊರಗಿನ ಕೊಳೆಯೂ ಒಳಗೆ ಹೋಗುತ್ತದೆ. ಟ್ಯೂಬಿನ ಮೂತಿಯನ್ನು 3–4 ಮಿ.ಮೀ.ಗಿಂತ ಒಳಗೆ ನೂಕಬೇಕಾಗಿಲ್ಲ, ಪೂರ್ತಿ ನೂಕಿದರೆ ತೊಟ್ಟಿನ ಬಾಯಿ ಹಿಗ್ಗಿ ತನ್ನ ಕಾವಲು ಕಳೆದುಕೊಳ್ಳುತ್ತದೆ. ಇಂಜೆಕ್ಷನ್ ಬಾಟಲಿಯ ಮದ್ದನ್ನೇ ಸಿರಿಂಜಿನಲ್ಲಿ ಎಳೆದು ಮೊಲೆಗೆ ಬಿಡುವ ಅಭ್ಯಾಸ ಬಿಡಿಸಿ. ಹಾಗೆ ಮಾಡಿದ ಕಡೆ ಯೀಸ್ಟ್ ಒಳಸೇರಿ ಬಾವು ಬರುತ್ತದೆ. ಯೀಸ್ಟ್ ಒಂದು ಶಿಲೀಂಧ್ರ, ಅದಕ್ಕೆ ಯಾವ ಆಂಟಿಬಯಾಟಿಕ್ಕೂ ತಾಗದು.

ರಿಪೋರ್ಟ್ ಓದುವಾಗ ಆಗುವ ಒಂದು ತಪ್ಪು ಹೇಳಲೇಬೇಕು. ಪ್ರಯೋಗಾಲಯದ ತಟ್ಟೆಯಲ್ಲಿಡುವ, ಮದ್ದು ಹೀರಿದ ಪುಟ್ಟ ಕಾಗದದ ಬಿಲ್ಲೆಗೆ ಡಿಸ್ಕ್ ಎನ್ನುತ್ತಾರೆ; ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತದ ಅಳತೆ ಮಿ.ಮೀ.ನಲ್ಲಿ ಕೊಟ್ಟಿರುತ್ತಾರೆ. 28 ಮಿ.ಮೀ. ಬಂದ ಮದ್ದು 19 ಮಿ.ಮೀ. ಬಂದ ಮದ್ದಿಗಿಂತ ಬಲವಾದದ್ದು ಎಂದು ಓದುವವರಿದ್ದಾರೆ, ಕೆಲವು ಮೆಡಿಕಲ್ ಶಾಪಿನವರೂ ಹಾಗೇ ಹೇಳುತ್ತಾರೆ. ಒಂದೊಂದು ಮದ್ದಿಗೂ ಗೆರೆ ಬೇರೆ, ಡಿಸ್ಕಿನಿಂದ ಹರಡುವ ವೇಗ ಬೇರೆ. ಎರಡು ಮದ್ದುಗಳ ಮಿ.ಮೀ. ಹೋಲಿಸುವಂತಿಲ್ಲ. ನೋಡಬೇಕಾದ್ದು ‘ಎಸ್’, ‘ಐ’ (ಎರಡರ ನಡುವಿನದು), ‘ಆರ್’ ಅಕ್ಷರಗಳನ್ನು ಮಾತ್ರ.

ಆ ಅಕ್ಷರವೂ ಅರ್ಧ ಮಾತೇ. ನಿಮ್ಮ ಇ. ಕೋಲಿಗೆ ಜೆಂಟಾಮೈಸಿನ್ ‘ಎಸ್’ ಬಂದಿದೆ. ಆದರೆ ಜೆಂಟಾಮೈಸಿನ್ ಇಂಜೆಕ್ಷನ್ ರಕ್ತದಿಂದ ಕೆಚ್ಚಲಿಗೆ ಸರಿಯಾಗಿ ದಾಟುವುದಿಲ್ಲ, ಮೂತ್ರಪಿಂಡದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ತಟ್ಟೆಯಲ್ಲಿ ಗೆದ್ದ ಮದ್ದು ಹಸುವಿನಲ್ಲಿ ಗೆಲ್ಲಬೇಕಾಗಿಲ್ಲ. ಆಯ್ಕೆ ವೈದ್ಯರಿಗೆ ಬಿಡಿ, ಅಕ್ಷರ ನೋಡಿ ನೀವೇ ಅಂಗಡಿಯಿಂದ ತರಬೇಡಿ. ಸ್ಟ್ಯಾಫ್ ವಿಷಯದಲ್ಲಿ ಪ್ರಯೋಗಾಲಯದವರನ್ನು ಒಂದು ಪ್ರಶ್ನೆ ಕೇಳಿ: ಸೆಫಾಕ್ಸಿಟಿನ್ ಡಿಸ್ಕ್ ಇಟ್ಟಿದ್ದೀರಾ? ಪೆನ್ಸಿಲಿನ್‌ಗೆ ಮಾತ್ರ ‘ಆರ್’ ಇದ್ದರೆ ಕ್ಲಾಕ್ಸಾಸಿಲಿನ್ ಗುಂಪಿನ ಟ್ಯೂಬು ಇನ್ನೂ ಕೆಲಸಕ್ಕೆ ಬರಬಹುದು. ಸೆಫಾಕ್ಸಿಟಿನ್‌ಗೂ ‘ಆರ್’ ಆದರೆ ಅದು ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೂ ಬಗ್ಗದ ಸ್ಟ್ಯಾಫ್. ಆಗ ಆ ಇಡೀ ಗುಂಪು ಕೈಬಿಟ್ಟಂತೆ. ಇ. ಕೋಲಿಗೆ ಇಎಸ್‌ಬಿಎಲ್ (ಸೆಫ್ಟ್ರಿಯಾಕ್ಸೋನ್‌ನಂಥ ಮದ್ದುಗಳನ್ನು ಕತ್ತರಿಸುವ ಕಿಣ್ವ) ಖಚಿತ ಪರೀಕ್ಷೆ ಇದೆ: ಸೆಫೊಟ್ಯಾಕ್ಸಿಮ್ ಡಿಸ್ಕ್ ಒಂದೇ ಇಟ್ಟಾಗ ಬಂದ ವೃತ್ತಕ್ಕಿಂತ ಕ್ಲಾವುಲನಿಕ್ ಆಮ್ಲ ಸೇರಿಸಿದ ಡಿಸ್ಕಿನ ವೃತ್ತ 5 ಮಿ.ಮೀ. ಅಥವಾ ಹೆಚ್ಚು ದೊಡ್ಡದಾದರೆ ಇಎಸ್‌ಬಿಎಲ್ ಇದೆ ಎಂದರ್ಥ.

ಮುಂದಿನ ಸಲ ಮಾದರಿ ತೆಗೆಯುವುದನ್ನು ಹೀಗೆ ಮಾಡಿ. ಯಾವ ಮದ್ದೂ ಕೊಡುವುದಕ್ಕೆ ಮೊದಲೇ ತೆಗೆಯಬೇಕು. ಕೆಚ್ಚಲು ತೊಳೆದು ಪೂರ್ತಿ ಒಣಗಿಸಿ, ನೀರು ತೊಟ್ಟಿಕ್ಕುತ್ತಿದ್ದರೆ ಹಾಲಿನ ಬದಲು ತೊಳೆದ ನೀರಿನ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶೇ. 70ರ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ತೊಟ್ಟಿನ ತುದಿಯನ್ನು ಹತ್ತಿ ಬೆಳ್ಳಗೆ ಉಳಿಯುವವರೆಗೆ ಉಜ್ಜಿ. ಉಜ್ಜುವಾಗ ನಿಮಗೆ ದೂರದ ತೊಟ್ಟು ಮೊದಲು, ಹಾಲು ಹಿಡಿಯುವಾಗ ಹತ್ತಿರದ ತೊಟ್ಟು ಮೊದಲು, ಆಗ ತೋಳು ತಗುಲಿ ಒರೆಸಿದ್ದು ಕೊಳೆಯಾಗುವುದಿಲ್ಲ. ಮೊದಲ ಮೂರು ಸೆಳೆ ಬೇರೆ ಪಾತ್ರೆಗೆ ಬಿಡಿ. ಸ್ಟೆರೈಲ್ ಟ್ಯೂಬನ್ನು ಓರೆಯಾಗಿ ಹಿಡಿದು 5–10 ಮಿ.ಲೀ. ತೆಗೆಯಿರಿ, ಮುಚ್ಚಳವನ್ನು ನೆಲದ ಮೇಲಿಡಬೇಡಿ. ಹಸುವಿನ ನಂಬರ್, ಯಾವ ಮೊಲೆ ಎಂದು ಬರೆದು ಐಸ್ ಬಾಕ್ಸಿನಲ್ಲಿ 24 ಗಂಟೆಯೊಳಗೆ ತಲುಪಿಸಿ. ಒಂದೇ ಮಾದರಿಯಲ್ಲಿ ಮೂರು ನಾಲ್ಕು ಬಗೆಯ ಬ್ಯಾಕ್ಟೀರಿಯಾ ಬಂತೆಂದರೆ ಮಾದರಿ ಕೆಟ್ಟಿದೆ, ಮತ್ತೆ ತೆಗೆಯಬೇಕು. ನಿಮ್ಮ ಕಡೆಯಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ದೂರವೇನಲ್ಲ, ಬೆಳಿಗ್ಗೆಯ ಹಾಲಿನ ಮಾದರಿ ಅಂದೇ ಮುಟ್ಟುತ್ತದೆ. ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು.

ಆ ಎರಡು ಮೂರು ದಿನ ಏನು ಮಾಡುವುದು? ಹಾಲಿನಲ್ಲಿ ಗರಣೆ ಇದೆ, ಆದರೆ ಹಸು ಮೇವು ತಿನ್ನುತ್ತಿದೆ, ಜ್ವರ ಇಲ್ಲ ಎಂದರೆ ಕಾಯಬಹುದು. ಮೊಲೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಪೂರ್ತಿ ಬರಿದು ಮಾಡಿ, ನೋವಿಗೆ, ಊತಕ್ಕೆ ವೈದ್ಯರು ಮೆಲೋಕ್ಸಿಕಾಮ್‌ನಂಥದ್ದು ಕೊಡುತ್ತಾರೆ. ಇಂಥ ಸೌಮ್ಯ ಇ. ಕೋಲಿ ಬಾವು ಬಹಳಷ್ಟು ಸಲ ಆಂಟಿಬಯಾಟಿಕ್ ಇಲ್ಲದೆಯೇ ತೀರುತ್ತದೆ. ನಾವು ಇಂಜೆಕ್ಷನ್ ಹಾಕಿಸಿ ಅದರ ಹೆಸರಿಗೆ ಬರೆಯುತ್ತೇವೆ ಅಷ್ಟೇ. ಈ ಹಂತದಲ್ಲಿ ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ರುಬ್ಬಿದ ಲೇಪವನ್ನೂ ಬಳಸಬಹುದು. ಯಲಹಂಕ ಕಡೆಯ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರು ರೂಪಿಸಿ, ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹಳ್ಳಿಗಳಿಗೆ ಮುಟ್ಟಿಸಿದ ಯೋಗ ಇದು. ಒಂದು ಹಿಡಿ ಲೇಪಕ್ಕೆ 150–200 ಮಿ.ಲೀ. ನೀರು ಬೆರೆಸಿ, ಹಾಲು ಬರಿದು ಮಾಡಿ ತೊಳೆದ ಕೆಚ್ಚಲಿಗೆ ದಿನಕ್ಕೆ ಎಂಟು ಹತ್ತು ಸಲ, ಕನಿಷ್ಠ ಐದು ದಿನ ಹಚ್ಚಬೇಕು. ದಿನಕ್ಕೆರಡು ಸಲ ಹಚ್ಚಿ ‘ನಾಟಲಿಲ್ಲ’ ಎನ್ನುವವರೇ ಜಾಸ್ತಿ. ಮತ್ತೆ ಹಾಲು ಕರೆಯುವ ಮುನ್ನ ಪೂರ್ತಿ ತೊಳೆಯಿರಿ.

ಆದರೆ ಜ್ವರ 103 ಫ್ಯಾರನ್‌ಹೀಟ್ ದಾಟಿದರೆ, ಅಥವಾ ಕಿವಿ ತಣ್ಣಗಾಗಿ ಕಣ್ಣು ಒಳಗೆ ಹೋಗಿದ್ದರೆ, ಹಾಲು ನೀರಿನಂತಾಗಿದ್ದರೆ, ಹಸು ಏಳದಿದ್ದರೆ ಲೇಪ, ಕಾಯುವುದು ಎರಡೂ ಬೇಡ. ಅದು ರಕ್ತಕ್ಕೆ ನಂಜೇರಿದ ಲಕ್ಷಣ. ಡ್ರಿಪ್, ಊತದ ಮದ್ದು, ಆಂಟಿಬಯಾಟಿಕ್ ಮೂರೂ ಅದೇ ಗಂಟೆಯಲ್ಲಿ ಬೇಕು. ವೈದ್ಯರು ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಸ್ಟ್ಯಾಫ್ ನಿಲ್ಲಿಸುವ ಜಾಗ ಹಾಲು ಕರೆಯುವವರ ಕೈ. ನಮ್ಮ ಕಡೆ ಕರೆಯುವ ಮುಂಚೆ ಎರಡು ಬೆರಳನ್ನು ಬಕೆಟ್ಟಿನ ಹಾಲಿಗೆ ಅದ್ದಿ ತೊಟ್ಟು ನುಣುಪು ಮಾಡಿಕೊಳ್ಳುವ ರೂಢಿ ಇದೆ. ಮೂರನೇ ಹಸುವಿನ ಹಾಲಿನಲ್ಲಿ ಅದ್ದಿದ ಬೆರಳು ನಾಲ್ಕನೇ ಹಸುವಿನ ತೊಟ್ಟಿಗೆ ಹೋಗುತ್ತದೆ, ಅಲ್ಲಿಂದ ಹದಿನೆಂಟನೆಯದರವರೆಗೆ. ಒಂದೇ ಪಂಚೆ ತುಂಡಿನಲ್ಲಿ ಎಲ್ಲಾ ಕೆಚ್ಚಲು ಒರೆಸುವುದೂ ಇದೇ ಸಾಲಿಗೆ ಸೇರಿದ್ದು. ಹೆಬ್ಬೆರಳು ಮಡಿಸಿ ಗೆಣ್ಣಿನಿಂದ ಜಗ್ಗುವುದು ತೊಟ್ಟಿನ ಒಳಚರ್ಮ ಗಾಯ ಮಾಡುತ್ತದೆ. ಮುಷ್ಟಿ ಕಟ್ಟಿ ಕರೆಯುವುದನ್ನು ಕಲಿಸಿ.

ಹಸುವಿಗೊಂದು ಬಟ್ಟೆ ಇಡಿ, ಹದಿನೆಂಟು ತುಂಡು ಹಳೇ ಹತ್ತಿ ಸೀರೆ ಸಾಕು, ದಿನಾ ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ. ಕರೆಯುವ ಸರದಿ ಬದಲಿಸಿ: ಮೊದಲ ಸೂಲಿನ ಆರೋಗ್ಯದ ಹಸುಗಳು ಮೊದಲು, ನಂತರ ಮಿಕ್ಕ ಆರೋಗ್ಯದವು, ಅನುಮಾನದವು ಆಮೇಲೆ, ಸ್ಟ್ಯಾಫ್ ಬಂದದ್ದು ಕಟ್ಟಕಡೆಗೆ. ಕರೆದ ತಕ್ಷಣ ಪ್ರತಿ ತೊಟ್ಟನ್ನೂ ಡಿಪ್ ಕಪ್ಪಿನಲ್ಲಿ ಪೂರ್ತಿ ಮುಳುಗಿಸಿ. ಶೇ. 5ರ ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಶೇ. 0.5ರಷ್ಟು ಕೆಲಸಕ್ಕೆ ಬರುವ ಅಯೋಡಿನ್ ಇರುತ್ತದೆ, ಅದು ಸರಿಯಾದ ಬಲ. ತೊಟ್ಟು ಬಿರಿಯದಂತೆ 100 ಮಿ.ಲೀ.ಗೆ 10 ಮಿ.ಲೀ. ಗ್ಲಿಸರಿನ್ ಸೇರಿಸಿ. ಕಪ್ಪಿನಲ್ಲಿ ಸಗಣಿ ಬಿದ್ದರೆ ಚೆಲ್ಲಿ ಹೊಸದು ಹಾಕಿ, ಕೊಳೆ ಬೆರೆತರೆ ಅಯೋಡಿನ್ ಸಾಯುತ್ತದೆ. ಕರೆದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ತೊಟ್ಟಿನ ಬಾಯಿ ತೆರೆದೇ ಇರುತ್ತದೆ. ಆ ಹೊತ್ತಿಗೆ ಹಸು ಮಲಗಬಾರದು. ಅದಕ್ಕೇ ಹಸಿಮೇವನ್ನು ಕರೆಯುವ ಮೊದಲು ಹಾಕದೆ ಕರೆದಾದ ಮೇಲೆ ಹಾಕಿ, ನಿಂತು ಮೇಯುತ್ತವೆ. ಯಂತ್ರ ಇದ್ದರೆ ರಬ್ಬರ್ ಲೈನರ್‌ಗಳನ್ನು 2,500 ಕರೆತಕ್ಕೊಮ್ಮೆ ಬದಲಿಸಿ. ಒಂದೇ ಕ್ಲಸ್ಟರಿನಲ್ಲಿ ದಿನಕ್ಕೆರಡು ಸಲ 18 ಹಸು ಎಂದರೆ ಸುಮಾರು 70 ದಿನ. ಕಣ್ಣಿಗೆ ಚೆನ್ನಾಗೇ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತವೆ.

ಯಾವ ಹಸು ಅನುಮಾನದ್ದು ಎಂದು ತಿಳಿಯಲು ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ಎಂಬ ಶೆಡ್ಡಿನಲ್ಲೇ ಮಾಡುವ ಪರೀಕ್ಷೆ ಸಾಕು. ನಾಲ್ಕು ಬಟ್ಟಲಿನ ಪ್ಯಾಡಲ್‌ನಲ್ಲಿ ಮೊಲೆಗೊಂದರಂತೆ 2–3 ಮಿ.ಲೀ. ಹಾಲು, ಅಷ್ಟೇ ದ್ರಾವಣ, ಹತ್ತು ಸೆಕೆಂಡು ತಿರುಗಿಸಿ. ಹಾಲು ಲೋಳೆಯಾದರೆ ಆ ಮೊಲೆಯಲ್ಲಿ ಸುಪ್ತ ಬಾವು ಇದೆ. ತಿಂಗಳಿಗೊಮ್ಮೆ ಹದಿನೆಂಟಕ್ಕೂ ಮಾಡಿ. ಲೋಳೆ ಬಂತೆಂದು ಟ್ಯೂಬು ಹಾಕಬೇಡಿ. ಸರದಿಯಲ್ಲಿ ಹಿಂದಕ್ಕೆ ಹಾಕಿ, ಮಾದರಿ ಕಳಿಸಿ. ಗಬ್ಬದ ಹಸುವನ್ನು ಕರು ಹಾಕುವ 60 ದಿನ ಮೊದಲು ಬತ್ತಿಸುವಾಗಲೂ ಇದೇ ಸೂತ್ರ. ಲೋಳೆ ಬಂದ ಹಸುಗಳಿಗೆ ಮಾತ್ರ ಬತ್ತಿಸುವ ಟ್ಯೂಬು, ಬಾರದವುಗಳಿಗೆ ತೊಟ್ಟು ಮುಚ್ಚುವ ಬಿಸ್ಮತ್ ಸೀಲಂಟ್ ಸಾಕು. ಎಲ್ಲಕ್ಕೂ ಕಣ್ಣುಮುಚ್ಚಿ ಟ್ಯೂಬು ಹಾಕುವುದರಲ್ಲೇ ಶೆಡ್ಡಿನ ಆಂಟಿಬಯಾಟಿಕ್‌ನ ಒಂದು ದೊಡ್ಡ ಪಾಲು ಖರ್ಚಾಗುತ್ತದೆ.

ಇನ್ನೊಂದು ದೊಡ್ಡ ಪಾಲು ಜ್ವರಕ್ಕೆ ಹೋಗುತ್ತದೆ. ಮೂರು ದಿನದ ಜ್ವರ, ಕಾಲುಬಾಯಿ, ಚರ್ಮಗಂಟು ಮೂರೂ ವೈರಸ್‌ನಿಂದ ಬರುವಂಥವು, ಆಂಟಿಬಯಾಟಿಕ್ ಅವುಗಳನ್ನು ಮುಟ್ಟುವುದಿಲ್ಲ. ಮಿಶ್ರತಳಿ ಹಸುಗಳಿಗೆ ಉಣ್ಣೆ ಹುಳದ ಕಡಿತದಿಂದ ಬರುವ ಥೈಲೀರಿಯಾ ಜ್ವರಕ್ಕೆ ಬೇಕಾದ್ದು ಬುಪಾರ್ವಕ್ವೋನ್. ಸೆಫ್ಟ್ರಿಯಾಕ್ಸೋನ್ ಕೊಟ್ಟು ಮೂರು ದಿನ ಕಾದರೆ ಹಸು ರಕ್ತಹೀನತೆಗೆ ಬೀಳುತ್ತದೆ. ಕಿವಿಯ ಅಂಚಿನ ಒಂದು ಹನಿ ರಕ್ತದ ಸ್ಮಿಯರ್ ಗಾಜಿನ ಮೇಲೆ ಎಳೆಸಿ ನೋಡಿಸಿದರೆ ಇದು ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಕರುಗಳ ಭೇದಿಯೂ ಹಾಗೇ. ಬಹುಪಾಲು ರೋಟಾ, ಕೊರೋನಾ ವೈರಸ್ ಅಥವಾ ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶ ಪರಾವಲಂಬಿ. ಮೊದಲ ನಾಲ್ಕೈದು ದಿನದೊಳಗೆ ಬಂದರೆ ಇ. ಕೋಲಿ ಇರಬಹುದು. ಕರು ಸಾಯುವುದು ನೀರು ಬತ್ತಿ. ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಹಾಲು ನಿಲ್ಲಿಸದೆ, ನಡುವೆ ದಿನಕ್ಕೆ 2ರಿಂದ 4 ಲೀಟರ್ ಕುಡಿಸಿ. ಜ್ವರ, ಸಗಣಿಯಲ್ಲಿ ರಕ್ತ, ಚೀಪುವ ಶಕ್ತಿ ಇಲ್ಲದಿರುವುದು ಇವಿದ್ದರೆ ಮಾತ್ರ ಆಂಟಿಬಯಾಟಿಕ್‌ನ ಮಾತು, ಅದೂ ವೈದ್ಯರ ಬಾಯಿಂದ. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗೆ ಹೋಗಬೇಕು. 30 ಕೆ.ಜಿ. ಕರುವಿಗೆ ದಿನಕ್ಕೆ 3 ಲೀಟರ್, ಅದರಲ್ಲಿ ಅರ್ಧ ಆ ಎರಡು ಗಂಟೆಯಲ್ಲೇ. ‘ಕಸ (ಮಾಸು) ಬಿದ್ದ ಮೇಲೆ ಕುಡಿಸೋಣ’ ಎಂದು ಕಾಯಬೇಡಿ. 24 ಗಂಟೆ ಕಳೆದರೆ ಕರುಳು ಆ ರಕ್ಷಕ ಪ್ರೋಟೀನ್ ಹೀರುವುದನ್ನು ನಿಲ್ಲಿಸುತ್ತದೆ. ಕೊಲಿಸ್ಟಿನ್ ಇರುವ ಪುಡಿಯನ್ನು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಹಾಲು, ಮಾಂಸ, ಮೊಟ್ಟೆ ಕೊಡುವ ಪ್ರಾಣಿಗಳಿಗೆ ಅದನ್ನು 2019ರಲ್ಲೇ ನಿಷೇಧಿಸಿದ್ದಾರೆ. ಐಸಿಯುನಲ್ಲಿ ಮಲಗಿದ ಮನುಷ್ಯನಿಗೆ ಉಳಿದಿರುವ ಕೊನೆಯ ಮದ್ದುಗಳಲ್ಲಿ ಅದೊಂದು.

ಸಂತೆಯ ಹಸುಗಳನ್ನು ಮಾರಬೇಕೇ? ಮೊದಲು ಅವುಗಳ ನಾಲ್ಕೂ ಮೊಲೆಯ ಮಾದರಿ ಕಳಿಸಿ. ನಿಮ್ಮ ಪತ್ರದಲ್ಲಿ ಸ್ಟ್ಯಾಫ್ ಬಂದದ್ದು ಸಂತೆಯ ಹಸುವಿಗೋ ಹಳೆಯದಕ್ಕೋ ಎಂದು ಇಲ್ಲ. ಸ್ಟ್ಯಾಫ್ ಇದ್ದೇ ಇದ್ದರೂ ಇನ್ನೊಬ್ಬ ರೈತರಿಗೆ ಹೇಳದೆ ಮಾರಿದರೆ ಆ ರೋಗಾಣು ಅವರ ಶೆಡ್ಡಿಗೆ ಹೋಯಿತು ಅಷ್ಟೇ, ನೀವೂ ಅದನ್ನು ಹಾಗೇ ಕೊಂಡಿದ್ದು ತಾನೇ? ಹೊರದೇಶದ ಪುಸ್ತಕಗಳು ಇಂಥ ಹಸುವನ್ನು ಕಸಾಯಿಗೆ ಕಳಿಸಿ ಎನ್ನುತ್ತವೆ, 2020ರ ಕಾಯ್ದೆಯ ಮೇಲೆ ಕರ್ನಾಟಕದಲ್ಲಿ ಆ ದಾರಿ ಇಲ್ಲ. ಉಳಿದ ದಾರಿ ಎಂದರೆ ಒಂದೇ ಮೊಲೆ ಕೆಟ್ಟಿದ್ದರೆ ವೈದ್ಯರಿಂದ ಆ ಮೊಲೆಯನ್ನು ಶಾಶ್ವತವಾಗಿ ಬತ್ತಿಸಿ, ಮೂರರಲ್ಲಿ ಕರೆಯುವುದು. ಸಾಲಿನ ತುದಿಯಲ್ಲಿ ಕಟ್ಟಿ ಕಟ್ಟಕಡೆಗೆ ಕರೆಯಿರಿ. ಇನ್ನು ಮುಂದೆ ತರುವ ಹಸುವನ್ನು ಮೂರು ವಾರ ಬೇರೆ ಕಟ್ಟಿ, ಕಡೆಗೆ ಕರೆಯಿರಿ. ಸಿಎಂಟಿ, ಹಾಲಿನ ಪರೀಕ್ಷೆ, ಬ್ರುಸೆಲ್ಲಾ (ಗಬ್ಬ ಕಳೆಯುವ ಸಾಂಕ್ರಾಮಿಕ ರೋಗದ) ಪರೀಕ್ಷೆ ಮೂರೂ ಆದ ಮೇಲೆ ಸಾಲಿಗೆ ಸೇರಿಸಿ.

ಮನೆಯವರ ವಿಷಯ. ಉಕ್ಕು ಬರುವಂತೆ ಕಾಯಿಸಿದ ಹಾಲಿನಲ್ಲಿ ಮದ್ದಿಗೆ ಜಗ್ಗದ ರೋಗಾಣುವೂ ಸಾಯುತ್ತದೆ. ಮದ್ದಿಗೆ ಜಗ್ಗದಿರುವುದು ಬೇರೆ, ಬೆಂಕಿಗೆ ಜಗ್ಗದಿರುವುದು ಬೇರೆ. ಆರೋಗ್ಯದ ಹಸುವಿನ ಹಾಲು ಕಾಯಿಸಿ ಕುಡಿಯಿರಿ. ಬಾವು ಬಂದ ಮೊಲೆಯದು, ಮದ್ದಿನ ದಿನಗಳದು ಬೇಡ: ಮದ್ದು ಕಾಯಿಸಿದರೆ ಹೋಗದು, ಸ್ಟ್ಯಾಫ್ ಇರುವ ಹಾಲು ಹೊರಗಿಟ್ಟು ಬೆಚ್ಚಗಾದರೆ ಅದು ಉಗುಳುವ ವಿಷವೂ ಕಾಯಿಸಿದರೆ ಹೋಗದು. ನಿಮ್ಮ ಮನೆಗೆ ಹೆಚ್ಚು ಅಪಾಯ ಹಾಲಿನ ಲೋಟಕ್ಕಿಂತ ಕರುಗಳ ಹತ್ತಿರ ಆಡುವ ಮಕ್ಕಳ ಕೈಯಿಂದ. ಶೆಡ್ಡಿಗೆ ಬೇರೆ ಚಪ್ಪಲಿ ಇಡಿ, ಒಳಗೆ ಬರುವ ಮುಂಚೆ ಸೋಪು ಹಾಕಿ ಮೊಣಕೈವರೆಗೆ ತೊಳೆಯಿರಿ, ಕೈಯಲ್ಲಿ ಗಾಯ ಇದ್ದವರು ಹಾಲು ಕರೆಯಬೇಡಿ. ಮನೆಯವರು ಯಾರಾದರೂ ಆಸ್ಪತ್ರೆಗೆ ಸೇರಿದರೆ ‘ನಮ್ಮದು ಹಸುಗಳ ಶೆಡ್ಡು, ಇಎಸ್‌ಬಿಎಲ್ ಅನುಮಾನದ ರಿಪೋರ್ಟ್ ಇದೆ’ ಎಂದು ಡಾಕ್ಟರಿಗೆ ತಿಳಿಸಿ. ಮದ್ದು ಆರಿಸುವಾಗ ಅವರಿಗೆ ಅದು ಬೇಕಾಗುತ್ತದೆ.

ಕೊನೆಯದು ತಿಪ್ಪೆ ಮತ್ತು ಮೇವು. ಹಸಿ ಸಗಣಿ, ಗಂಜಲದ ಸ್ಲರಿಯನ್ನು ಕೊತ್ತಂಬರಿ, ದಂಟು, ಕ್ಯಾರೆಟ್ ಮಡಿಗೆ ಬಿಡಬೇಡಿ. ತಿಪ್ಪೆಯ ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿ 15 ದಿನ ನಿಲ್ಲಬೇಕು, ಆ ಅವಧಿಯಲ್ಲಿ ಐದು ಸಲ ಮಗುಚಬೇಕು. ಹೊರಪದರ ತಣ್ಣಗೇ ಇರುತ್ತದೆ, ಮಗುಚಿದಾಗಲೇ ಅದು ಒಳಗೆ ಹೋಗಿ ಬೇಯುವುದು. ಇದರಿಂದ ಜಗ್ಗದ ಬ್ಯಾಕ್ಟೀರಿಯಾ ಬಹಳ ಕಡಿಮೆಯಾಗುತ್ತವೆ, ಪೂರ್ತಿ ಹೋಗುತ್ತವೆ ಎಂದಲ್ಲ. ಮೇವು ಎಲ್ಲಿಂದ ಬರುತ್ತದೆ ಎಂದೂ ನೋಡಿ. ಬೆಂಗಳೂರಿನ ಸುತ್ತ ಕೆರೆಯಂಗಳದ ಹುಲ್ಲು, ರಾಜಕಾಲುವೆ ನೀರಿನಲ್ಲಿ ಬೆಳೆದ ನೇಪಿಯರ್ ಅಗ್ಗವಾಗಿ ಸಿಗುತ್ತದೆ. ಆ ನೀರಿನಲ್ಲಿ ಊರಿನ ಮನೆಗಳ, ಆಸ್ಪತ್ರೆಗಳ ಕೊಳಚೆಯೆಲ್ಲ ಇರುತ್ತದೆ. ಅಂಥ ಹುಲ್ಲು ಬಿಡಲಾಗದಿದ್ದರೆ ಕರುಗಳಿಗಂತೂ ಹಾಕಬೇಡಿ. ದೊಡ್ಡ ಹಸುಗಳಿಗೆ ಹಾಕುವುದಾದರೂ ಬುಡದ ಅರ್ಧ ಅಡಿ ಬಿಟ್ಟು ಕೊಯ್ಯಿಸಿ, ಒಂದು ದಿನ ಬಿಸಿಲಿಗೆ ಹರಡಿ ಆಮೇಲೆ ಹಾಕಿ.